ಉಸಿರುಗಟ್ಟಿದ ಗಡ್ಡೆಯ ಕಥೆ

ಜರ್ಮನಿಯ ನೇತ್ರವೈದ್ಯ ಓಯ್ಗೆನ್ ಫಾನ್ ಹಿಪ್ಪೆಲ್ 1904ರಲ್ಲಿ ವಿಚಿತ್ರ ರೋಗವೊಂದನ್ನು ವರ್ಣಿಸಿದರು. ರೋಗಿಗಳ ಅಕ್ಷಿಪಟಲದ ಮೇಲೆ ರಕ್ತನಾಳಗಳು ಸಿಕ್ಕುಸಿಕ್ಕಾಗಿ ಬೆಳೆದು ಗಂಟು ಕಟ್ಟಿದ್ದವು. ಇಂಥವೇ ಗಂಟುಗಳು ಕಿರುಮೆದುಳಿನಲ್ಲೂ ಏಳುತ್ತವೆ, ಎರಡೂ ಒಂದೇ ಕಾಯಿಲೆಯ ಮುಖಗಳು ಎಂದು ಸ್ವೀಡನ್ನಿನ ಆರ್ವಿಡ್ ಲಿಂಡೌ 1926ರಲ್ಲಿ ತೋರಿಸಿದರು. ಮನೆತನಗಳಲ್ಲಿ ತಲೆಮಾರಿನಿಂದ ತಲೆಮಾರಿಗೆ ಇಳಿದುಬರುವ ಈ ರೋಗಕ್ಕೆ ಇಬ್ಬರ ಹೆಸರೂ ಅಂಟಿಕೊಂಡಿತು. ಹಲವು ರೋಗಿಗಳಿಗೆ ಮೂತ್ರಪಿಂಡದ ಕ್ಯಾನ್ಸರೂ ಬರುತ್ತಿತ್ತು.

ಇದಕ್ಕೂ ಆಮ್ಲಜನಕಕ್ಕೂ ಏನು ನಂಟು? ಅದು ತಿಳಿಯಲು ಮತ್ತೆ ಎಪ್ಪತ್ತು ವರ್ಷ ಹಿಡಿಯಿತು.

ಗಡ್ಡೆಯೊಳಗೆ ಆಮ್ಲಜನಕದ ಬರವಿದೆ ಎಂಬುದು ಮಾತ್ರ ಮೊದಲೇ ಗೊತ್ತಿತ್ತು. ಬ್ರಿಟನ್ನಿನ ಥಾಮ್ಲಿನ್‌ಸನ್ ಮತ್ತು ಗ್ರೇ 1955ರಲ್ಲಿ ಶ್ವಾಸಕೋಶದ ಗಡ್ಡೆಗಳನ್ನು ಸೂಕ್ಷ್ಮದರ್ಶಕದಡಿ ಅಳೆದರು. ರಕ್ತನಾಳದಿಂದ ಮಿಲಿಮೀಟರಿನ ಐದನೇ ಒಂದು ಪಾಲು ದೂರ ಹೋಗುವಷ್ಟರಲ್ಲಿ ಕೋಶಗಳು ಸತ್ತಿರುತ್ತಿದ್ದವು. ಆದರೆ ಅರೆ ಉಸಿರಿನಲ್ಲಿ ಬದುಕಿರುವ ಕೋಶಗಳೇ ಅಪಾಯಕಾರಿ. ವಿಕಿರಣ ಚಿಕಿತ್ಸೆಗೂ ಅವು ಸುಲಭವಾಗಿ ಬಗ್ಗುವುದಿಲ್ಲ.

ಆಮ್ಲಜನಕ ಇಳಿದಾಗ ಮೂತ್ರಪಿಂಡವು ಕೆಂಪು ರಕ್ತಕಣ ಹೆಚ್ಚಿಸುವ ಹಾರ್ಮೋನನ್ನು ಸ್ರವಿಸುತ್ತದೆ. ಅದರ ವಂಶವಾಹಿಯನ್ನು ಎಚ್ಚರಿಸುವವರು ಯಾರೆಂದು ಹುಡುಕುತ್ತಿದ್ದ ಬಾಲ್ಟಿಮೋರಿನ ಗ್ರೆಗ್ ಸೆಮೆಂಜಾ ಅವರಿಗೆ 1992ರಲ್ಲಿ 'ಹಿಫ್' ಎಂಬ ಪ್ರೋಟೀನು ಸಿಕ್ಕಿತು. ಹೊಸ ರಕ್ತನಾಳ ಬೆಳೆಸುವುದು, ಆಮ್ಲಜನಕವಿಲ್ಲದೆಯೇ ಸಕ್ಕರೆಯಿಂದ ಶಕ್ತಿ ಪಡೆಯುವುದು, ಇಂಥ ನೂರಾರು ವಂಶವಾಹಿಗಳಿಗೆ ಇದೇ ಯಜಮಾನ. ಬೆಟ್ಟ ಹತ್ತುವವನನ್ನು ಉಳಿಸುವ ಈ ಏರ್ಪಾಡನ್ನೇ ಗಡ್ಡೆಯೂ ತನ್ನ ಬೆಳವಣಿಗೆಗೆ ಬಳಸಿಕೊಳ್ಳುತ್ತದೆ.

ಹಿಪ್ಪೆಲ್-ಲಿಂಡೌ ರೋಗದ ವಂಶವಾಹಿ 1993ರಲ್ಲಿ ಪತ್ತೆಯಾಯಿತು. ಬಾಸ್ಟನ್ನಿನ ವೈದ್ಯ ವಿಲಿಯಂ ಕೇಲಿನ್ ರೋಗಿಗಳನ್ನು ಗಮನಿಸಿದರು: ಗಡ್ಡೆಗಳ ತುಂಬ ರಕ್ತನಾಳ, ಕೆಲವರ ಮೈಯಲ್ಲಿ ಅತಿಯಾದ ಕೆಂಪು ರಕ್ತಕಣ. ಎರಡೂ ಆಮ್ಲಜನಕ ಸಾಲದಾದಾಗಿನ ಲಕ್ಷಣಗಳಲ್ಲವೇ? ಈ ವಂಶವಾಹಿ ಕೆಟ್ಟ ಕೋಶಗಳು, ಕೆರೆ ತುಂಬಿದ್ದರೂ ಊರಿಗೆ ಬರ ಬಂದಿದೆಯೆಂದು ಡಂಗುರ ಸಾರುವಂತೆ ವರ್ತಿಸುತ್ತಿದ್ದವು. ಕಾರಣವನ್ನು 1999ರಲ್ಲಿ ಆಕ್ಸ್‌ಫರ್ಡಿನ ಪೀಟರ್ ರ‍್ಯಾಟ್‌ಕ್ಲಿಫ್ ತಂಡ ತೋರಿಸಿತು. ಹಿಫ್ ಅನ್ನು ನಾಶಕ್ಕೆ ಒಪ್ಪಿಸುವುದೇ ಆ ವಂಶವಾಹಿಯ ಪ್ರೋಟೀನು. ಆಮ್ಲಜನಕವಿದ್ದಾಗ ಹಿಫ್‌ಗೆ ಒಂದು ರಾಸಾಯನಿಕ ಗುರುತು ಬೀಳುತ್ತದೆ, ಆ ಗುರುತು ಕಂಡರೆ ಅದು ಹಿಡಿಯುತ್ತದೆ ಎಂಬುದನ್ನು 2001ರಲ್ಲಿ ಇಬ್ಬರ ತಂಡಗಳೂ ಬೇರೆ ಬೇರೆಯಾಗಿ ಕಂಡುಕೊಂಡವು. ಮೂವರಿಗೂ 2019ರ ನೊಬೆಲ್ ಬಂತು.

ಈ ರೋಗದ ಮೂತ್ರಪಿಂಡದ ಗಡ್ಡೆಗಳಲ್ಲಿ ಹೆಚ್ಚು ಕೈವಾಡ ಹಿಫ್‌ನ ದಾಯಾದಿ ಹಿಫ್-2ರದು. ಅದನ್ನು ತಡೆಯುವ ಬೆಲ್ಜುಟಿಫಾನ್ ಮಾತ್ರೆಗೆ ಅಮೆರಿಕ 2021ರಲ್ಲಿ ಒಪ್ಪಿಗೆ ನೀಡಿತು. ಹಲವರ ಗಡ್ಡೆಗಳು ಕುಗ್ಗಿದವು. ಜೊತೆಗೆ, ಮಾತ್ರೆ ನುಂಗಿದ ಬಹುತೇಕರಿಗೆ ರಕ್ತಹೀನತೆಯೂ ಬಂತು.