ವೃತ್ತಿಪರ ರಗ್ಬಿ ಲೀಗ್‌ನಲ್ಲಿ ಟೆಸ್ಟೋಸ್ಟೆರಾನ್ ಬಳಕೆ ಮತ್ತು ಉದ್ದೀಪನ ಮದ್ದು ಪರೀಕ್ಷೆ

1. ಪೀಠಿಕೆ

ರಗ್ಬಿ ಲೀಗ್ ಪ್ರತಿ ತಂಡದಲ್ಲಿ 13 ಆಟಗಾರರಿರುವ, ದೇಹಬಲವೇ ಪ್ರಧಾನವಾದ ಕ್ರೀಡೆಯಾಗಿದೆ. 1895ರಲ್ಲಿ ಇಂಗ್ಲೆಂಡಿನ ಹಡರ್ಸ್‌ಫೀಲ್ಡ್‌ನಲ್ಲಿ ನಡೆದ ಕ್ಲಬ್‌ಗಳ ಸಭೆಯಿಂದ ಇದು ಉಗಮಗೊಂಡಿತು. ಬ್ರಿಟನ್ನಿನ ಸೂಪರ್ ಲೀಗ್ ಮತ್ತು ಆಸ್ಟ್ರೇಲಿಯಾದ ನ್ಯಾಷನಲ್ ರಗ್ಬಿ ಲೀಗ್ ಇದರ ಪ್ರಮುಖ ವೃತ್ತಿಪರ ಪಂದ್ಯಾವಳಿಗಳಾಗಿವೆ.

ಟೆಸ್ಟೋಸ್ಟೆರಾನ್ ಮಾನವ ದೇಹದಲ್ಲಿ ಸ್ವಾಭಾವಿಕವಾಗಿ ಉತ್ಪತ್ತಿಯಾಗುವ ಹಾರ್ಮೋನು. ಇದನ್ನು ಹೊರಗಿನಿಂದ ಸೇವಿಸಿದಲ್ಲಿ ಸ್ನಾಯುಗಳು ಬೆಳೆಯುತ್ತವೆ ಹಾಗೂ ಕಠಿಣ ಅಭ್ಯಾಸದ ನಂತರದ ಚೇತರಿಕೆ ಶೀಘ್ರವಾಗುತ್ತದೆ. ಆದುದರಿಂದ ವಿಶ್ವ ಉದ್ದೀಪನ ಮದ್ದು ತಡೆ ಸಂಸ್ಥೆಯು (ವಾಡಾ) ಇದರ ಸೇವನೆಯನ್ನು ಪಂದ್ಯದ ವೇಳೆಯಲ್ಲಿ ಮಾತ್ರವಲ್ಲದೆ ಎಲ್ಲ ಕಾಲದಲ್ಲಿಯೂ ನಿಷೇಧಿಸಿದೆ.

2. ಮಾದರಿ ಸಂಗ್ರಹಣೆ

ಪೂರ್ವಸೂಚನೆಯಿಲ್ಲದೆ ಪಂದ್ಯದ ನಂತರ, ಅಭ್ಯಾಸದ ಸ್ಥಳದಲ್ಲಿ ಅಥವಾ ಆಟಗಾರರ ಮನೆಯಲ್ಲಿ ಮಾದರಿಯನ್ನು ಪಡೆಯಬಹುದಾಗಿದೆ. ಕನಿಷ್ಠ 90 ಮಿ.ಲೀ. ಮೂತ್ರವನ್ನು ಅದೇ ಲಿಂಗದ ಅಧಿಕಾರಿಯ ಸಮಕ್ಷಮದಲ್ಲಿ ಸಂಗ್ರಹಿಸಿ, 'ಎ' ಮತ್ತು 'ಬಿ' ಎಂಬ ಎರಡು ಸೀಸೆಗಳಲ್ಲಿ ಮೊಹರು ಮಾಡಲಾಗುತ್ತದೆ. 'ಎ' ಮಾದರಿಯಲ್ಲಿ ನಿಷೇಧಿತ ವಸ್ತು ಕಂಡುಬಂದಲ್ಲಿ, 'ಬಿ' ಮಾದರಿಯ ಪರೀಕ್ಷೆಯನ್ನು ಕೋರಲು ಹಾಗೂ ಆ ವೇಳೆ ಖುದ್ದಾಗಿ ಅಥವಾ ಪ್ರತಿನಿಧಿಯ ಮೂಲಕ ಹಾಜರಿರಲು ಆಟಗಾರರಿಗೆ ಹಕ್ಕಿರುತ್ತದೆ.

3. ಪರೀಕ್ಷಾ ವಿಧಾನ

ದೇಹದಲ್ಲಿ ಮೊದಲೇ ಇರುವ ವಸ್ತುವಾದ ಕಾರಣ, ಟೆಸ್ಟೋಸ್ಟೆರಾನ್ ಇದೆ ಎಂಬುದಷ್ಟೇ ಅಪರಾಧಕ್ಕೆ ಸಾಕ್ಷ್ಯವಾಗುವುದಿಲ್ಲ. ಅದು ಹೊರಗಿನಿಂದ ಬಂದುದೇ ಎಂಬುದನ್ನು ಈ ಕೆಳಕಂಡ ವಿಧಾನಗಳಿಂದ ನಿರ್ಧರಿಸಲಾಗುತ್ತದೆ:

(ಅ) ಅನುಪಾತ: ಮೂತ್ರದಲ್ಲಿ ಟೆಸ್ಟೋಸ್ಟೆರಾನ್ ಮತ್ತು ಎಪಿಟೆಸ್ಟೋಸ್ಟೆರಾನ್‌ಗಳ ಅನುಪಾತ ಸಾಮಾನ್ಯವಾಗಿ 1:1ರ ಆಸುಪಾಸಿನಲ್ಲಿರುತ್ತದೆ. ಶಂಕೆಗೆ ಕಾರಣವಾಗುವ ಮಿತಿ ಮೊದಲು 6:1 ಇದ್ದು, 2005ರಲ್ಲಿ ಅದನ್ನು 4:1ಕ್ಕೆ ಇಳಿಸಲಾಯಿತು. ವಂಶವಾಹಿಯ ವ್ಯತ್ಯಾಸದಿಂದ ಕೆಲವರಲ್ಲಿ ಈ ಅನುಪಾತ ಸಹಜವಾಗಿಯೇ ಹೆಚ್ಚು ಅಥವಾ ಕಡಿಮೆ ಇರುವುದರಿಂದ ಇದೊಂದನ್ನೇ ಅವಲಂಬಿಸಲಾಗುವುದಿಲ್ಲ.

(ಆ) ಕಾರ್ಬನ್ ಐಸೋಟೋಪ್ ಪರೀಕ್ಷೆ: ಕೃತಕ ಟೆಸ್ಟೋಸ್ಟೆರಾನನ್ನು ಸೋಯಾ ಮುಂತಾದ ಸಸ್ಯಮೂಲಗಳಿಂದ ತಯಾರಿಸಲಾಗುತ್ತದೆ. ಅದರಲ್ಲಿ ಕಾರ್ಬನ್-13ರ ಪ್ರಮಾಣ ದೇಹಜನ್ಯ ಹಾರ್ಮೋನಿಗಿಂತ ಕಡಿಮೆ ಇರುವುದರಿಂದ ಅದರ ಮೂಲ ಪತ್ತೆಯಾಗುತ್ತದೆ.

(ಇ) ಜೈವಿಕ ಪಾಸ್‌ಪೋರ್ಟ್: 2014ರಿಂದ ಪ್ರತಿ ಆಟಗಾರರ ಸ್ಟೆರಾಯ್ಡ್ ವಿವರಗಳನ್ನು ದಾಖಲಿಸಿ, ಹೊಸ ಫಲಿತಾಂಶವನ್ನು ಅವರದೇ ಹಿಂದಿನ ಫಲಿತಾಂಶಗಳೊಂದಿಗೆ ಹೋಲಿಸಲಾಗುತ್ತಿದೆ.

4. ಪ್ರಕರಣಗಳು

1998ರಲ್ಲಿ ಆಸ್ಟ್ರೇಲಿಯಾದ ಮೆಲ್ಬರ್ನ್ ಸ್ಟಾರ್ಮ್ ತಂಡದ ರಾಡ್ನಿ ಹೋವ್ ಅವರ ಮಾದರಿಯಲ್ಲಿ ಸ್ಟಾನೋಜೊಲಾಲ್ ಎಂಬ ಸ್ಟೆರಾಯ್ಡ್ ಕಂಡುಬಂದು, 22 ಪಂದ್ಯಗಳ ನಿಷೇಧ ವಿಧಿಸಲಾಯಿತು. ನಂತರದ ವರ್ಷಗಳಲ್ಲಿ ಶಿಕ್ಷೆ ಬಹಳ ಕಠಿಣವಾಗಿದೆ.

ಕ್ರೊನುಲ್ಲಾ ಶಾರ್ಕ್ಸ್ ತಂಡದ ಬ್ರಾನ್ಸನ್ ಝೆರ್ರಿ ಅವರಿಂದ 2019ರ ನವೆಂಬರ್‌ನಲ್ಲಿ, ಅವರ 19ನೆಯ ವಯಸ್ಸಿನಲ್ಲಿ, ಮಾದರಿಯನ್ನು ಪಡೆಯಲಾಗಿತ್ತು. ಅದರಲ್ಲಿ ಹೊರಗಿನಿಂದ ಸೇವಿಸಿದ ಟೆಸ್ಟೋಸ್ಟೆರಾನ್ ಪತ್ತೆಯಾಗಿ, 2020ರ ಮೇ ತಿಂಗಳಿನಲ್ಲಿ ಅವರನ್ನು ತಾತ್ಕಾಲಿಕವಾಗಿ ಅಮಾನತುಗೊಳಿಸಲಾಯಿತು. 2021ರಲ್ಲಿ ನಾಲ್ಕು ವರ್ಷಗಳ ನಿಷೇಧ ಪ್ರಕಟವಾಗಿ, ಅದು 2023ರ ನವೆಂಬರ್‌ನಲ್ಲಿ ಮುಕ್ತಾಯಗೊಂಡಿತು. 2024ರಲ್ಲಿ ಅವರು ಕ್ಯಾಂಟರ್‌ಬರಿ ಬುಲ್‌ಡಾಗ್ಸ್ ತಂಡದ ಪರವಾಗಿ ಮತ್ತೆ ಕಣಕ್ಕಿಳಿದರು. ಮೊದಲ ಋತುವಿನಲ್ಲೇ ಭರವಸೆ ಮೂಡಿಸಿದ್ದ ಆಟಗಾರರು ನಾಲ್ಕು ಋತುಗಳನ್ನು ಕಳೆದುಕೊಂಡರು.

5. ಹೊಣೆಗಾರಿಕೆ

ದೇಹದಲ್ಲಿ ಕಂಡುಬರುವ ವಸ್ತುವಿಗೆ ಆಟಗಾರರೇ ಹೊಣೆಗಾರರು. ತರಬೇತುದಾರರು ಅಥವಾ ವೈದ್ಯರು ನೀಡಿದರು, ಪೌಷ್ಟಿಕ ಪುಡಿಯಲ್ಲಿ ಬೆರೆತಿತ್ತು ಎಂಬ ಕಾರಣಗಳಿಂದ ಉಲ್ಲಂಘನೆ ಇಲ್ಲವಾಗುವುದಿಲ್ಲ. ಉದ್ದೇಶಪೂರ್ವಕವಲ್ಲವೆಂದು ಸಾಬೀತುಪಡಿಸಿದಲ್ಲಿ ಶಿಕ್ಷೆಯ ಅವಧಿ ಕಡಿಮೆಯಾಗಬಹುದು. ನಿಷೇಧದ ಬಹುಪಾಲು ಅವಧಿಯಲ್ಲಿ ತಂಡದೊಂದಿಗೆ ಅಭ್ಯಾಸ ಮಾಡಲೂ ಅವಕಾಶವಿರುವುದಿಲ್ಲ.

6. ಭಾರತದ ಕ್ರೀಡಾಪಟುಗಳ ಗಮನಕ್ಕೆ

ವಾಡಾ ಸಂಹಿತೆಯು ಭಾರತದಲ್ಲಿಯೂ ಅನ್ವಯವಾಗುತ್ತದೆ. ರಾಷ್ಟ್ರೀಯ ಉದ್ದೀಪನ ಮದ್ದು ತಡೆ ಸಂಸ್ಥೆಗೆ (ನಾಡಾ) 2022ರ ಅಧಿನಿಯಮದ ಮೂಲಕ ಶಾಸನಬದ್ಧ ಸ್ಥಾನಮಾನ ನೀಡಲಾಗಿದೆ. ವೃಷಣ ಅಥವಾ ಪಿಟ್ಯುಟರಿ ಗ್ರಂಥಿಯ ಕಾಯಿಲೆಯಿಂದ ಹಾರ್ಮೋನ್ ಕೊರತೆಯುಳ್ಳ ಕ್ರೀಡಾಪಟುಗಳು ಚಿಕಿತ್ಸೆಗಾಗಿ ಟೆಸ್ಟೋಸ್ಟೆರಾನ್ ಪಡೆಯಬೇಕಾದಲ್ಲಿ, ವೈದ್ಯಕೀಯ ದಾಖಲೆಗಳೊಂದಿಗೆ ಚಿಕಿತ್ಸಾ ವಿನಾಯಿತಿಗಾಗಿ ಮುಂಚಿತವಾಗಿ ಅರ್ಜಿ ಸಲ್ಲಿಸತಕ್ಕದ್ದು. ರಾಷ್ಟ್ರಮಟ್ಟದವರು ನಾಡಾಗೆ, ಅಂತರರಾಷ್ಟ್ರೀಯ ಮಟ್ಟದವರು ಸಂಬಂಧಿತ ಅಂತರರಾಷ್ಟ್ರೀಯ ಫೆಡರೇಷನ್‌ಗೆ ಅರ್ಜಿ ಸಲ್ಲಿಸಬೇಕು. ವಯಸ್ಸು, ಆಯಾಸ ಅಥವಾ ಸ್ಥೂಲಕಾಯದ ಕಾರಣದಿಂದ ಹಾರ್ಮೋನ್ ಕಡಿಮೆಯಾಗಿದೆ ಎಂಬುದು ವಿನಾಯಿತಿಗೆ ಆಧಾರವಾಗುವುದಿಲ್ಲ. ವೈದ್ಯರ ಚೀಟಿಯೊಂದೇ ಸಾಲದು. ವಿನಾಯಿತಿ ಪತ್ರ ಕೈಸೇರುವವರೆಗೆ ಔಷಧಿ ಸೇವಿಸಿದಲ್ಲಿ ಅದು ಉಲ್ಲಂಘನೆಯೆಂದು ಪರಿಗಣಿತವಾಗುವ ಸಂಭವವಿರುತ್ತದೆ.