ಟರ್ಬೊ ಮತ್ತು ಅದರ ಎಣ್ಣೆ ಕೊಳವೆ: ಒಂದು ಚಿಕ್ಕ ಚರಿತ್ರೆ

ಕೃಷ್ಣಗಿರಿಯಿಂದ ಶೂಳಗಿರಿ ದಾಟಿ ಹೊಸೂರಿಗೆ ಬರುವುದೆಂದರೆ ಒಟ್ಟಿನಲ್ಲಿ ಏರುದಾರಿ. ಭಾರ ಹೊತ್ತ ಲಾರಿ ಏರು ಹತ್ತುವಾಗ ಎಂಜಿನ್ ಸದ್ದಿನ ಜೊತೆ ಸಣ್ಣಗೆ ಒಂದು ಸಿಳ್ಳೆ ಕೇಳುತ್ತದೆ. ಅದೇ ಟರ್ಬೊ. ನಮ್ಮ ಸಾನಮಾವು ಕಡೆಯ ಎಷ್ಟೋ ಹುಡುಗರು ಹೊಸೂರಿನ ಕಾರ್ಖಾನೆಗಳಲ್ಲಿ, ಲಾರಿ ಶೆಡ್ಡುಗಳಲ್ಲಿ ದುಡಿಯುತ್ತಾರೆ. ಟರ್ಬೊ ಬಿಚ್ಚಿ ಕೂರಿಸುವುದು ಅವರಿಗೆ ಗೊತ್ತು. ಅದರ ಚರಿತ್ರೆಯನ್ನು ಮಾತ್ರ ನಾವು ಶಾಲೆಯಲ್ಲಿ ಹೇಳಿದ್ದಿಲ್ಲ.

ಸ್ವಿಟ್ಜರ್‌ಲೆಂಡಿನ ಆಲ್‌ಫ್ರೆಡ್ ಬ್ಯೂಷಿ ಎಂಬ ಎಂಜಿನಿಯರ್ ೧೯೦೫ರಲ್ಲಿ ಇದಕ್ಕೆ ಪೇಟೆಂಟ್ ಪಡೆದರು. ಎಂಜಿನ್ ಹೊರಗೆ ಬಿಡುವ ಬಿಸಿ ಹೊಗೆಯಿಂದ ಒಂದು ಚಕ್ರ ತಿರುಗಿಸುವುದು, ಅದೇ ಅಚ್ಚಿನ ಇನ್ನೊಂದು ತುದಿಯ ಚಕ್ರದಿಂದ ಎಂಜಿನ್‌ಗೆ ಹೆಚ್ಚು ಗಾಳಿ ತುಂಬುವುದು, ಇಷ್ಟೇ ಯೋಚನೆ. ಅದು ಕೈಗೂಡಲು ಇಪ್ಪತ್ತು ವರ್ಷ ಬೇಕಾಯಿತು. ೧೯೨೦ರ ದಶಕದಲ್ಲಿ ಪ್ರಾಯ್ಸೆನ್, ಹಾನ್ಸೆಸ್ಟಾಟ್ ಡಾನ್ಸಿಗ್ ಎಂಬ ಜರ್ಮನಿಯ ಎರಡು ಹಡಗುಗಳಲ್ಲಿ ೧,೭೫೦ ಅಶ್ವಶಕ್ತಿಯ ಎಂಜಿನ್ ೨,೫೦೦ ಅಶ್ವಶಕ್ತಿ ಕೊಟ್ಟಿತು. ೧೯೩೮ರಲ್ಲಿ ಸ್ವಿಟ್ಜರ್‌ಲೆಂಡಿನದೇ ಆದ ಸೌರರ್ ಕಂಪನಿ ಇದನ್ನು ಲಾರಿ ಎಂಜಿನ್‌ಗೆ ತಂದಿತು.

ಚರಿತ್ರೆಯಲ್ಲಿ ಅಶ್ವಶಕ್ತಿಯ ಲೆಕ್ಕ ಸಿಗುತ್ತದೆ, ಕೊಳವೆಗಳ ಮಾತು ಸಿಗುವುದಿಲ್ಲ. ಆದರೆ ಟರ್ಬೊದ ಪ್ರಾಣ ಇರುವುದೇ ಕೊಳವೆಯಲ್ಲಿ. ಸಣ್ಣ ಟರ್ಬೊದ ಅಚ್ಚು ನಿಮಿಷಕ್ಕೆ ಒಂದು ಲಕ್ಷ ಸುತ್ತಿಗೂ ಮೀರಿ ತಿರುಗುತ್ತದೆ. ಅದನ್ನು ಹೊತ್ತಿರುವುದು ತೆಳ್ಳನೆಯ ಎಣ್ಣೆಯ ಪದರ. ಎಂಜಿನ್‌ನಿಂದ ಒತ್ತಡದಲ್ಲಿ ಎಣ್ಣೆ ತರುವ ಕೊಳವೆ ಸಣ್ಣದು, ವಾಪಸ್ ಒಯ್ಯುವುದು ದಪ್ಪ. ಏಕೆಂದರೆ ಎಣ್ಣೆ ಹೊರಬರುವಾಗ ಗಾಳಿ ಸೇರಿ ನೊರೆಯಾಗಿರುತ್ತದೆ, ಒತ್ತಡ ಇರುವುದಿಲ್ಲ, ತನ್ನ ಭಾರದಿಂದಲೇ ಕೆಳಗೆ ಇಳಿಯಬೇಕು. ಟರ್ಬೊ ಇಲ್ಲದ ಎಂಜಿನ್‌ಗೆ ಹೊಸದಾಗಿ ಟರ್ಬೊ ಕೂರಿಸುವವರು ತಪ್ಪುವುದು ಇಲ್ಲೇ. ವಾಪಸ್ ಕೊಳವೆ ಎಲ್ಲೂ ಮೇಲಕ್ಕೆ ಬಾಗಬಾರದು. ಸಂಪಿನಲ್ಲಿ ಎಣ್ಣೆಯ ಮಟ್ಟಕ್ಕಿಂತ ಮೇಲೆ ಸೇರಬೇಕು. ಇಲ್ಲದಿದ್ದರೆ ಎಣ್ಣೆ ಸೀಲು ದಾಟಿ ನೀಲಿ ಹೊಗೆ ಬರುತ್ತದೆ.

ಎಂಜಿನ್ ಆಫ್ ಮಾಡಿದರೆ ಎಣ್ಣೆಯ ಪಂಪೂ ನಿಲ್ಲುತ್ತದೆ. ಕಾದ ಟರ್ಬೊದೊಳಗೆ ಉಳಿದ ಎಣ್ಣೆ ಸುಟ್ಟು ಕರಿಯಾಗಿ ದಾರಿ ಕಟ್ಟುತ್ತದೆ. ಇದಕ್ಕಾಗಿ ೧೯೮೦ರ ದಶಕದಲ್ಲಿ ಪೆಟ್ರೋಲ್ ಕಾರುಗಳ ಟರ್ಬೊಗೆ ಎಣ್ಣೆಯ ಜೊತೆ ನೀರಿನ ಕೊಳವೆಯನ್ನೂ ಕೊಡಲಾಯಿತು. ಬಿಸಿನೀರು ಮೇಲೇರಿ ತಣ್ಣೀರು ಆ ಜಾಗಕ್ಕೆ ಬರುವುದರಿಂದ ಎಂಜಿನ್ ನಿಂತ ಮೇಲೂ ಸ್ವಲ್ಪ ಹೊತ್ತು ತಂಪಾಗುತ್ತದೆ. ಆ ಕೊಳವೆಯ ನಡುವೆ ಗಾಳಿ ನಿಲ್ಲುವಂಥ ಬಾಗು ಇರಬಾರದು.

ನಮ್ಮ ದೇಶದಲ್ಲಿ ೧೯೬೨ರಿಂದ ಓಡಿದ ಡಬ್ಲ್ಯುಡಿಎಂ-೨ ರೈಲು ಎಂಜಿನ್ ೨,೬೦೦ ಅಶ್ವಶಕ್ತಿ ಕೊಟ್ಟದ್ದು ಟರ್ಬೊದಿಂದಲೇ. ಹೊಸೂರಿನಲ್ಲಿ ಅಶೋಕ್ ಲೇಲ್ಯಾಂಡ್ ಕಾರ್ಖಾನೆ ೧೯೮೦ರಲ್ಲಿ ಆರಂಭವಾಯಿತು. ೨೦೦೦ದ ನಂತರ ಹೊಗೆಯ ನಿಯಮಗಳು ಬಿಗಿಯಾದಂತೆ ಲಾರಿಗಳಲ್ಲಿ ಟರ್ಬೊ ಸಾಮಾನ್ಯವಾಯಿತು.

ನಮ್ಮ ಹಳೆಯ ವಿದ್ಯಾರ್ಥಿಯೊಬ್ಬ ಸಾಲ ಮಾಡಿ ಹಳೆಯ ಲಾರಿ ಕೊಂಡಿದ್ದ. ಏರು ಹತ್ತಿ ಬಂದು ಟೀ ಅಂಗಡಿ ಮುಂದೆ ತಟ್ಟನೆ ಆಫ್ ಮಾಡುವುದು ಅವನ ಅಭ್ಯಾಸ. ವರ್ಷದೊಳಗೆ ಟರ್ಬೊ ಹೋಯಿತು, ಎರಡು ತಿಂಗಳ ಕಂತು ನಿಂತಿತು. "ಎರಡು ನಿಮಿಷ ಸುಮ್ನೆ ಓಡಿಸಿ ಆಮೇಲೆ ಆಫ್ ಮಾಡು ಅಂತ ಯಾರೂ ಹೇಳ್ಲಿಲ್ಲ ಸಾರ್" ಎಂದ. ಗಾಡಿಯ ಪುಸ್ತಕದಲ್ಲಿ ಆ ಮಾತು ಇಂಗ್ಲಿಷಿನಲ್ಲಿತ್ತು. ಅವನು ಓದಿದ್ದು ನಮ್ಮ ಬಳಿ, ಕನ್ನಡದಲ್ಲಿ. ಆದ್ದರಿಂದ ಈಗ ಏಳನೇ ತರಗತಿಯಲ್ಲಿ ಶಾಖದ ಪಾಠ ಬಂದಾಗ ನಾವು ಈ ಎರಡು ಕೊಳವೆಗಳ ಚಿತ್ರವನ್ನೂ ಬೋರ್ಡಿನ ಮೇಲೆ ಬರೆಯುತ್ತೇವೆ.