ಸ್ವಂತ ವಿಭಾಗವಿಲ್ಲದ ವಿಷಯ: ದೆಹಲಿಯಲ್ಲಿ ವಿಜ್ಞಾನದ ಇತಿಹಾಸದ ಓದು

ಭೌತಶಾಸ್ತ್ರದಲ್ಲೋ ಗಣಿತದಲ್ಲೋ ಎಂ.ಎಸ್ಸಿ. ಮುಗಿಸಿ, ವಿಜ್ಞಾನದ ಇತಿಹಾಸ ಮತ್ತು ತತ್ವಶಾಸ್ತ್ರವನ್ನು ಓದಬೇಕೆಂದು ದೆಹಲಿಗೆ ಹೋದವರು ಬೇರೆ ಯಾವುದಾದರೂ ವಿಭಾಗದ ಬಾಗಿಲು ತಟ್ಟಬೇಕು. ಜವಾಹರಲಾಲ್ ನೆಹರೂ ವಿಶ್ವವಿದ್ಯಾಲಯದಲ್ಲಿ ಈ ವಿಷಯ ಬೆಳೆದದ್ದು ಮುಖ್ಯವಾಗಿ ಜಾಕಿರ್ ಹುಸೇನ್ ಶೈಕ್ಷಣಿಕ ಅಧ್ಯಯನ ಕೇಂದ್ರದ ಆಸರೆಯಲ್ಲಿ. ಐಐಟಿಯಲ್ಲಿ ಅದು ಮಾನವಿಕ ಮತ್ತು ಸಮಾಜವಿಜ್ಞಾನ ವಿಭಾಗದ ಒಂದು ಭಾಗ. ಕೇಂಬ್ರಿಜ್, ಇಂಡಿಯಾನಾ, ಪಿಟ್ಸ್‌ಬರ್ಗ್ ವಿಶ್ವವಿದ್ಯಾಲಯಗಳಲ್ಲಿ ಪ್ರತ್ಯೇಕ ವಿಭಾಗಗಳಾಗಿ ಅರ್ಧ ಶತಮಾನವೇ ಕಳೆದಿದ್ದರೂ ದೆಹಲಿಯಲ್ಲಿ ಈ ವಿಷಯ ಬಾಡಿಗೆ ಮನೆಯಲ್ಲೇ ಉಳಿಯಿತು. ಯಾವ ಮನೆಯಲ್ಲಿತ್ತೋ ಆ ಮನೆಯವರ ಪ್ರಶ್ನೆಗಳನ್ನೇ ಅದು ಕೇಳುತ್ತ ಬಂದಿದೆ ಎಂಬುದು ನನ್ನ ವಾದ.

ಮೊದಲು ಜಾಗ ಕೊಟ್ಟದ್ದು ದೇಶದ ವಿಜ್ಞಾನಿಗಳ ರಾಷ್ಟ್ರೀಯ ಅಕಾಡೆಮಿ. 1950ರ ನವೆಂಬರಿನಲ್ಲಿ, ಯುನೆಸ್ಕೋ ಸಹಕಾರದೊಂದಿಗೆ, ದಕ್ಷಿಣ ಏಷ್ಯಾದ ವಿಜ್ಞಾನಗಳ ಇತಿಹಾಸ ಕುರಿತ ವಿಚಾರ ಸಂಕಿರಣವನ್ನು ಅದು ದೆಹಲಿಯಲ್ಲಿ ನಡೆಸಿತು. 1966ರಲ್ಲಿ ‘ಇಂಡಿಯನ್ ಜರ್ನಲ್ ಆಫ್ ಹಿಸ್ಟರಿ ಆಫ್ ಸೈನ್ಸ್’ ಶುರುವಾಯಿತು. 1971ರಲ್ಲಿ ಡಿ.ಎಂ. ಬೋಸ್, ಎಸ್.ಎನ್. ಸೇನ್ ಮತ್ತು ಬಿ.ವಿ. ಸುಬ್ಬರಾಯಪ್ಪ ಸಂಪಾದಿಸಿದ, ಭಾರತದ ವಿಜ್ಞಾನದ ಸಂಕ್ಷಿಪ್ತ ಇತಿಹಾಸ ಹೊರಬಂತು. ಸುಬ್ಬರಾಯಪ್ಪನವರು ಕನ್ನಡಿಗರಿಗೆ ಹೆಚ್ಚು ಪರಿಚಿತರಾಗಿರುವುದು ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಚರಿತ್ರೆ ಬರೆದವರೆಂದು. ದೆಹಲಿಯಲ್ಲಿ ಅವರು ಮಾಡಿದ ಕೆಲಸ ಅದಕ್ಕಿಂತ ಹಿರಿದು. ಆರ್ಯಭಟನ 1500ನೇ ಜನ್ಮವರ್ಷವಾದ 1976ರಲ್ಲಿ ಅಕಾಡೆಮಿ ‘ಆರ್ಯಭಟೀಯ’ದ ಪರಿಷ್ಕೃತ ಆವೃತ್ತಿಯನ್ನು ಪ್ರಕಟಿಸಿತು.

ಈ ಕೆಲಸದ ಬೆಲೆಯನ್ನು ತೆಗೆದುಹಾಕುವಂತಿಲ್ಲ. ಆದರೆ ಪ್ರಶ್ನೆ ವಿಜ್ಞಾನಿಗಳದ್ದೇ ಆಗಿತ್ತು: ಯಾವುದನ್ನು, ಯಾರು, ಯಾವಾಗ ಕಂಡುಹಿಡಿದರು? ಆಕರಗಳು ಬಹುಮಟ್ಟಿಗೆ ಸಂಸ್ಕೃತದವು. ಖಗೋಳ ಮತ್ತು ಗಣಿತದ ಸಂಸ್ಕೃತ ಕೃತಿಗಳಿಗೆ ಎಸ್.ಎನ್. ಸೇನ್ ಸಿದ್ಧಪಡಿಸಿದ ಸೂಚಿ ಇಂದಿಗೂ ಉಪಯುಕ್ತ. 12ನೇ ಶತಮಾನದಲ್ಲಿ ಕನ್ನಡದಲ್ಲೇ ‘ವ್ಯವಹಾರಗಣಿತ’ ಬರೆದ ರಾಜಾದಿತ್ಯನಿಗೆ ಮಾತ್ರ ಅಂಥ ಸೂಚಿಯಲ್ಲಿ ಜಾಗವಿರಲು ಸಾಧ್ಯವೇ ಇಲ್ಲ. (ದೆಹಲಿಯನ್ನಷ್ಟೇ ದೂರುವುದೂ ಸರಿಯಲ್ಲ. ಪ್ರಾಚೀನ ಹಿಂದೂಗಳ ವಿಜ್ಞಾನಗಳ ಬಗ್ಗೆ 1915ರಲ್ಲಿ ಗ್ರಂಥ ಬರೆದ ತತ್ವಶಾಸ್ತ್ರಜ್ಞ ಬ್ರಜೇಂದ್ರನಾಥ ಸೀಲರು 1920ರ ದಶಕದಲ್ಲಿ ಮೈಸೂರು ವಿಶ್ವವಿದ್ಯಾನಿಲಯದ ಕುಲಪತಿಯಾಗಿದ್ದರು. ಆಗಲೂ ಈ ವಿಷಯ ಅಲ್ಲಿ ಬೇರೂರಲಿಲ್ಲ.)

ಎರಡನೆಯ ಮನೆ ಸಿಎಸ್‌ಐಆರ್‌ನ ‘ನಿಸ್ಟಾಡ್ಸ್’. ಪೂಸಾ ಬಳಿಯ ಈ ಸಂಸ್ಥೆಯನ್ನು ಕಟ್ಟಿದವರು ಎ. ರಹಮಾನ್. ವಿಜ್ಞಾನ ನೀತಿಗಾಗಿ ಹುಟ್ಟಿದ ಸಂಸ್ಥೆಯಾದ್ದರಿಂದ ಇಲ್ಲಿಯ ಇತಿಹಾಸಕಾರರು ವಿಜ್ಞಾನಕ್ಕೂ ಸಮಾಜಕ್ಕೂ ಇರುವ ನಂಟನ್ನು ಹಿಡಿದು ಹೊರಟರು. ಇಲ್ಲಿದ್ದ ಧ್ರುವ್ ರೈನಾ ಮತ್ತು ಎಸ್. ಇರ್ಫಾನ್ ಹಬೀಬ್ ಹಳೆಯ ದೆಹಲಿ ಕಾಲೇಜಿನ ಗಣಿತದ ಮೇಷ್ಟ್ರೊಬ್ಬರ ಬಗ್ಗೆ 1990ರಲ್ಲಿ ಪ್ರಕಟಿಸಿದ ಪ್ರಬಂಧ ಈ ಬದಲಾವಣೆಗೆ ಒಳ್ಳೆಯ ನಿದರ್ಶನ.

ಆ ಮೇಷ್ಟ್ರು ರಾಮಚಂದ್ರ (1821–1880). ಉರ್ದುವಿನಲ್ಲಿ ಪಾಶ್ಚಾತ್ಯ ವಿಜ್ಞಾನ ಕಲಿಸುತ್ತಿದ್ದ ಕಾಲೇಜು ಅದು. ಗರಿಷ್ಠ–ಕನಿಷ್ಠ ಬೆಲೆಗಳನ್ನು ಕಲನಶಾಸ್ತ್ರವಿಲ್ಲದೆ, ಬರೀ ಬೀಜಗಣಿತದಿಂದ ಕಂಡುಹಿಡಿಯುವುದು ಹೇಗೆಂದು ತೋರಿಸುವ ಪುಸ್ತಕವನ್ನು ಅವರು 1850ರಲ್ಲಿ ಕಲ್ಕತ್ತದಲ್ಲಿ ಅಚ್ಚುಹಾಕಿಸಿದರು. ವಿಧಾನದ ತಿರುಳು ಸರಳ. ಹತ್ತನ್ನು ಎರಡು ಭಾಗ ಮಾಡಿ ಗುಣಿಸಿದರೆ ಸಿಗಬಹುದಾದ ಅತಿ ದೊಡ್ಡ ಲಬ್ಧವೆಷ್ಟು? ಲಬ್ಧವನ್ನು ಒಂದು ಅಕ್ಷರದಿಂದ ಗುರುತಿಸಿ ವರ್ಗಸಮೀಕರಣವನ್ನು ಬಿಡಿಸಿದರೆ, ಭಾಗಗಳು ‘ಐದು ಕೂಡಿಸು ಅಥವಾ ಕಳೆ, ಇಪ್ಪತ್ತೈದರಲ್ಲಿ ಲಬ್ಧವನ್ನು ಕಳೆದು ಉಳಿದದ್ದರ ವರ್ಗಮೂಲ’ ಎಂದಾಗುತ್ತವೆ. ವರ್ಗಮೂಲದೊಳಗಿನ ಸಂಖ್ಯೆ ಋಣವಾದರೆ ಉತ್ತರವೇ ಇರದು. ಆದ್ದರಿಂದ ಲಬ್ಧ 25ನ್ನು ಮೀರಲಾರದು. 1859ರಲ್ಲಿ ಇದನ್ನು ಲಂಡನ್ನಿನಲ್ಲಿ ಮರುಮುದ್ರಿಸಿದ ಅಗಸ್ಟಸ್ ಡಿ ಮಾರ್ಗನ್, ಹಿಂದೂ ಬೀಜಗಣಿತದ ಹಳೆಯ ಪ್ರತಿಭೆ ಮತ್ತೆ ತಲೆಯೆತ್ತಿತೆಂದು ಮುನ್ನುಡಿಯಲ್ಲಿ ಹಿಗ್ಗಿದರು. ರೈನಾ ಮತ್ತು ಹಬೀಬರ ಓದು ಬೇರೆ. ಅವರು ಅದನ್ನು ಕೈಗೂಡದೆ ಹೋದ ಬೋಧನಾ ಪ್ರಯೋಗವಾಗಿ ಕಂಡರು: ಬೀಜಗಣಿತ ಬಲ್ಲ ಇಲ್ಲಿಯ ಹುಡುಗರನ್ನು ಕಲನಶಾಸ್ತ್ರದ ಹೊಸ್ತಿಲಿಗೆ ತರಲು ರಾಮಚಂದ್ರ ಹುಡುಕಿದ ದಾರಿ ಅದು. ಅಕಾಡೆಮಿಯ ಚೌಕಟ್ಟಿನಲ್ಲಿ ರಾಮಚಂದ್ರರಿಗೆ ಸಿಗುತ್ತಿದ್ದುದು ಹೆಚ್ಚೆಂದರೆ ಒಂದು ಅಡಿಟಿಪ್ಪಣಿ, ಏಕೆಂದರೆ ಅವರು ಹೊಸದೇನನ್ನೂ ಕಂಡುಹಿಡಿದಿರಲಿಲ್ಲ.

ರೈನಾ ಮುಂದೆ ಜೆಎನ್‌ಯುನ ಜಾಕಿರ್ ಹುಸೇನ್ ಕೇಂದ್ರಕ್ಕೆ ಬಂದರು. ‘ಸೈನ್ಸ್ ಅಂಡ್ ದ ರಾಜ್’ (1995) ಬರೆದ ದೀಪಕ್ ಕುಮಾರ್ ಅಲ್ಲೇ ಪಾಠ ಮಾಡಿದರು. ಶಿಕ್ಷಣದ ಮನೆಯಲ್ಲಿ ವಿಜ್ಞಾನದ ಇತಿಹಾಸ ಕೇಳಿದ್ದು ಕಲಿಸುವವರ, ಅನುವಾದಕರ, ಪಠ್ಯಪುಸ್ತಕಗಳ ಕಥೆಯನ್ನು. ದೆಹಲಿಯ ಅತ್ಯುತ್ತಮ ಕೆಲಸ ಆಗಿದ್ದು ಇಲ್ಲೇ ಎಂಬುದು ನನ್ನ ಅಭಿಪ್ರಾಯ.

ಹೆಸರಿನ ಉತ್ತರಾರ್ಧವಾದ ತತ್ವಶಾಸ್ತ್ರಕ್ಕೆ ಇಷ್ಟು ನೆಲೆಯೂ ಸಿಗಲಿಲ್ಲ. ವಿಜ್ಞಾನವೆಂದರೇನು, ಅದರ ಅಧಿಕಾರ ಎಲ್ಲಿಯವರೆಗೆ ಎಂಬ ಪ್ರಶ್ನೆಯ ಮೇಲೆ ಸ್ವತಂತ್ರ ಭಾರತ ಕಂಡ ಬಹುದೊಡ್ಡ ಜಗಳ ನಡೆದದ್ದು ಪತ್ರಿಕೆಯ ಪುಟಗಳಲ್ಲಿ. 1976ರ ತಿದ್ದುಪಡಿ ವೈಜ್ಞಾನಿಕ ಮನೋಭಾವವನ್ನು ಸಂವಿಧಾನದ 51ಎ ವಿಧಿಯಲ್ಲಿ ನಾಗರಿಕರ ಕರ್ತವ್ಯವನ್ನಾಗಿಸಿತ್ತು. 1981ರಲ್ಲಿ ಪಿ.ಎನ್. ಹಕ್ಸರ್, ಪುಷ್ಪ ಭಾರ್ಗವ ಮೊದಲಾದವರು ಆ ಮನೋಭಾವದ ಪರವಾಗಿ ಹೇಳಿಕೆ ಹೊರಡಿಸಿದರು. ದೆಹಲಿಯ ಸಿಎಸ್‌ಡಿಎಸ್‌ನಲ್ಲಿದ್ದ ಆಶಿಶ್ ನಂದಿ ‘ಮೇನ್‌ಸ್ಟ್ರೀಮ್’ ವಾರಪತ್ರಿಕೆಯಲ್ಲಿ ಅದಕ್ಕೆ ಪ್ರತಿಹೇಳಿಕೆ ಬರೆದರು. ಕೆಲವು ಕಡೆ ನಂದಿಯವರ ವಾದ ಜಾರುತ್ತದೆ. ಹೇಳಿಕೆಯವರೋ ವಿಜ್ಞಾನವನ್ನು ಬಹುಪಾಲು ಪಾಠದಂತೆ ಒಪ್ಪಿಸಿದರು. ಇಬ್ಬರನ್ನೂ ಎದುರಿಗಿಟ್ಟುಕೊಂಡು ಒಂದು ಸೆಮಿಸ್ಟರ್ ಚರ್ಚಿಸಬೇಕಾದ ತರಗತಿಯೇ ಇರಲಿಲ್ಲ. ಡಿ.ಪಿ. ಚಟ್ಟೋಪಾಧ್ಯಾಯರ ನೇತೃತ್ವದಲ್ಲಿ ದೆಹಲಿಯಿಂದಲೇ ಹೊರಬಂದ ಭಾರತೀಯ ವಿಜ್ಞಾನ, ತತ್ವಶಾಸ್ತ್ರ ಮತ್ತು ಸಂಸ್ಕೃತಿ ಯೋಜನೆಯ ಸಂಪುಟಗಳು ಮೂರನ್ನೂ ಒಟ್ಟಿಗೆ ತಂದವು. ಅವು ಸೇರಿದ್ದು ಗ್ರಂಥಾಲಯದ ಕಪಾಟುಗಳನ್ನು.

ಈಚಿನ ಬೆಳವಣಿಗೆಗಳು ಇದ್ದ ಆಸರೆಯನ್ನೂ ಸಡಿಲಿಸಿವೆ. ನಿಸ್ಟಾಡ್ಸ್ 2021ರಲ್ಲಿ ವಿಜ್ಞಾನ ಸಂವಹನದ ಸಂಸ್ಥೆಯೊಂದಿಗೆ ವಿಲೀನವಾಯಿತು. ಯುಜಿಸಿಯ 2022ರ ನಿಯಮಾವಳಿ ಎಂ.ಫಿಲ್. ಪದವಿಯನ್ನೇ ನಿಲ್ಲಿಸಿತು. ಭೌತಶಾಸ್ತ್ರದಿಂದ ಬಂದವರು ಹಳೆಯ ದಾಖಲೆ ಓದಲು, ಇತಿಹಾಸದಿಂದ ಬಂದವರು ಸಮೀಕರಣ ಓದಲು ಕಲಿಯುವ ಅವಕಾಶ ಆ ಪದವಿಯಲ್ಲಿತ್ತು. ರಾಮಚಂದ್ರರ ಕಾಲೇಜನ್ನು ಅಧ್ಯಯನ ಮಾಡಲು ಉರ್ದುವೂ ಬೀಜಗಣಿತವೂ ಬೇಕು. ರಾಜಾದಿತ್ಯನಿಗೆ ಹಳಗನ್ನಡವೂ ಗಣಿತವೂ ಬೇಕು. ಪಿಎಚ್.ಡಿ.ಯ ಕೋರ್ಸ್‌ವರ್ಕಿನ ಅವಧಿ ಅಷ್ಟಕ್ಕೆ ಸಾಲದು.